ಮೂರನೇ ಡೌನ್‌ಗೆ ಒದ್ದು ಬಿಡ್ತಾರೆ ಕಣ್ರೀ: ಕೆನಡಾದ ಒಂಟಾರಿಯೊಗೆ ಹೊಸದಾಗಿ ಬಂದವರಿಗೆ

ಸಿನ್ ನಂಬರ್ (ಕೆಲಸಕ್ಕೂ ತೆರಿಗೆಗೂ ಬೇಕಾಗೋದು), ಬ್ಯಾಂಕ್ ಅಕೌಂಟ್, ಒಹಿಪ್ ಕಾರ್ಡ್ (ಸರ್ಕಾರಿ ಆರೋಗ್ಯ ವಿಮೆ), ಲೈಸೆನ್ಸ್ ಟೆಸ್ಟಿಗೆ ಬುಕಿಂಗ್, ಇವೆಲ್ಲ ಬಂದ ತಿಂಗಳೇ ಶುರು ಮಾಡ್ಕೊಳ್ಳಿ, ಯಾರನ್ನ ಕೇಳಿದ್ರೂ ಹೇಳ್ತಾರೆ. ನಾನು ಬರೀತಿರೋದು ಇಲ್ಲಿ ಯೂನಿವರ್ಸಿಟಿ ಫುಟ್‌ಬಾಲ್ ನಡೆಯೋ ಸೆಪ್ಟೆಂಬರ್ ಅಕ್ಟೋಬರ್ ಶನಿವಾರಗಳ ಬಗ್ಗೆ, ಯಾಕಂದ್ರೆ ಅದನ್ನ ನನಗೆ ಯಾರೂ ಹೇಳಲಿಲ್ಲ, ಹೇಳಿದವರ ಮಾತು ನಾನು ಕೇಳಲಿಲ್ಲ.

2008ರಲ್ಲಿ ವಾಟರ್ಲೂಗೆ ಬಂದು ಎರಡು ವಾರ ಆಗಿತ್ತು, ಆಫೀಸಲ್ಲಿ ಒಬ್ರು ಶನಿವಾರ ಯೂನಿವರ್ಸಿಟಿ ಫುಟ್‌ಬಾಲ್ ಇದೆ ಬಾ ಅಂದ್ರು. ನಾನು ತಿಪಟೂರಿನವನು, ಫುಟ್‌ಬಾಲ್ ಅಂದ್ರೆ ನನಗೆ ಗೊತ್ತಿರೋದು ಒಂದೇ, ಸೂಟ್‌ಕೇಸಲ್ಲಿದ್ದ ಹಳದಿ ಬ್ರೆಜಿಲ್ ಜೆರ್ಸಿ ತೆಗೆದು ಹಾಕ್ಕೊಂಡು, ಹೆಂಡತಿ ಕೈಲಿ ಒಂದು ಡಬ್ಬ ಪುಳಿಯೋಗರೆ ಕಟ್ಟಿಸ್ಕೊಂಡು ಹೊರಟೆ. ಗೇಟಲ್ಲಿ ಹೊರಗಿನ ಊಟ ಒಳಗೆ ಬಿಡಲ್ಲ ಅಂದ್ರು. ವಾಪಸ್ ಕಾರಿಗೆ ಹೋಗಿ ನಿಂತ್ಕೊಂಡೇ ಅರ್ಧ ಡಬ್ಬ ತಿಂದು ಒಳಗೆ ಹೋದ್ರೆ, ಮೈದಾನದಲ್ಲಿ ಸಿಪ್ಪೆ ಸುಲಿಯದ ತೆಂಗಿನಕಾಯಿ ಥರ ಒಂದು ಚೆಂಡು, ಅದನ್ನ ಅಪ್ಪಿಕೊಂಡು ಒಬ್ಬ ಓಡ್ತಿದಾನೆ, ಅವನ ಮೇಲೆ ನಾಕು ಜನ ಬೀಳ್ತಿದಾರೆ. ಎಲ್ಲರೂ ಕೈಯಲ್ಲೇ ಹಿಡ್ಕೊಂಡಿದಾರೆ, ಒದೆಯೋದು ಯಾವಾಗ ಅಂತ ಕಾದೆ ಕಾದೆ. ಕೊನೆಗೆ ಎದುರಾಳಿ ಒಬ್ಬ ಗೋಲ್‌ಪೋಸ್ಟಿಗೆ ಒದ್ದ, ಚೆಂಡು ಪಕ್ಕಕ್ಕೆ ಹೋಯ್ತು, ಮಿಸ್ ಆಯ್ತು ಅಂತ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಸುತ್ತ ಯಾರೂ ಹೊಡೀಲಿಲ್ಲ. ಸ್ಕೋರ್‌ಬೋರ್ಡ್ ನೋಡಿದ್ರೆ ಅವರಿಗೆ ಒಂದು ಪಾಯಿಂಟ್ ಸೇರಿದೆ!

ಅದಕ್ಕೆ ಇಲ್ಲಿ ರೂಜ್ ಅಂತಾರೆ. ಒದ್ದ ಚೆಂಡು ಕೊನೇ ಪಟ್ಟಿ, ಅಂದ್ರೆ ಎಂಡ್ ಝೋನ್ ಒಳಗೆ ಹೋಗಿ, ಈ ಕಡೆಯವರು ಅದನ್ನ ಹೊರಗೆ ತರಲಿಲ್ಲ ಅಂದ್ರೆ ಒದ್ದವರಿಗೆ ಒಂದು ಪಾಯಿಂಟ್, ಗುರಿ ತಪ್ಪಿದ್ರೂ ಸರಿ. ನಾನು ಇದಕ್ಕೆ ಗ್ರೇಸ್ ಮಾರ್ಕ್ಸ್ ಅಂತೀನಿ, ನಮ್ಮ ಇಂಜಿನಿಯರಿಂಗ್ ಹುಡುಗರಿಗೆ ತಕ್ಷಣ ಅರ್ಥ ಆಗುತ್ತೆ. ಮಿಕ್ಕಿದ್ದನ್ನ ಕಬಡ್ಡಿ ಗೊತ್ತಿದ್ರೆ ಹಿಡಿಬಹುದು, ಇದೂ ನೆಲ ಗೆಲ್ಲೋ ಆಟವೇ. ಒಂದು ಕಡೆ ಹನ್ನೆರಡು ಜನ, 110 ಗಜ ಉದ್ದದ ಮೈದಾನ, ಹತ್ತು ಗಜ ಮುಂದೆ ಹೋಗೋಕೆ ಮೂರು ಚಾನ್ಸ್ (ಒಂದೊಂದಕ್ಕೂ ಡೌನ್ ಅಂತಾರೆ), ಹೋದ್ರೆ ಮತ್ತೆ ಮೂರು. ಟಿವಿಯಲ್ಲಿ ಅಮೆರಿಕದ್ದು ನೋಡಿ ಬಂದವರು ನಾಲ್ಕು ಅಂದ್ಕೊಂಡಿರ್ತೀರಿ, ಇಲ್ಲಿ ಮೂರೇ, ಅದಕ್ಕೇ ಎರಡು ಸಲ ನೋಡ್ತಾರೆ, ಆಗಲ್ಲ ಅನ್ಸಿದ್ರೆ ಮೂರನೇದಕ್ಕೆ ದೂರ ಒದ್ದು ಚೆಂಡು ಅವರಿಗೇ ಕೊಟ್ಟು ಬಿಡ್ತಾರೆ. ಇನ್ನೊಂದು ಚಾನ್ಸ್ ಇತ್ತಲ್ಲಯ್ಯಾ ಅಂತ ನಾನು ಎಷ್ಟು ಸೀಸನ್ ಬೈದಿದೀನೋ ಲೆಕ್ಕ ಇಲ್ಲ.

ಅಂದ್ರೆ ಆಮೇಲೆ ತಪ್ಪದೇ ಹೋದೆ ಅಂದ್ಕೋಬೇಡಿ. ಇದು ಅವರ ಆಟ, ನಮಗ್ಯಾಕೆ ಅಂತ ಒಂಬತ್ತು ವರ್ಷ ಆ ಕಡೆ ತಲೆ ಹಾಕಲಿಲ್ಲ. ಶನಿವಾರ ಅಂದ್ರೆ ಕನ್ನಡ ಸಂಘದ ಕೆಲಸ, ಗಣೇಶ, ದಸರಾ ಗೊಂಬೆ, ರಾಜ್ಯೋತ್ಸವದ ರಿಹರ್ಸಲ್, ಯಾರದೋ ಮನೇಲಿ ಸತ್ಯನಾರಾಯಣ. ನಮ್ಮ ಹಬ್ಬದ ಸಾಲೂ ಇವರ ಸೀಸನ್ನೂ ಒಂದೇ ಕಾಲದಲ್ಲಿ ಬರ್ತವೆ, ಇಲ್ಲೇ ಎಡವಟ್ಟಾಗೋದು.

ನನ್ನ ಮಗಳು ಯೂನಿವರ್ಸಿಟಿಯಲ್ಲಿ ಕಿನೀಸಿಯಾಲಜಿ ಓದೋಕೆ ಸೇರಿದ್ಲು (ದೇಹದ ಚಲನೆ ಬಗ್ಗೆ ಓದೋದು, ಊರಲ್ಲಿ ನಾವು ಡಾಕ್ಟರ್ ಓದ್ತಿದಾಳೆ ಅಂತಾನೇ ಹೇಳಿದ್ದು), 2017ರಿಂದ ಫುಟ್‌ಬಾಲ್ ಟೀಮಿಗೆ ಸ್ಟೂಡೆಂಟ್ ಥೆರಪಿಸ್ಟ್ ಆದ್ಲು. ಹುಡುಗರ ಕಾಲಿಗೆ ಟೇಪ್ ಸುತ್ತೋದು, ಬಿದ್ದಾಗ ಓಡಿ ಹೋಗೋದು, ಗೆರೆ ಪಕ್ಕ ನೀರಿನ ಬಾಟಲಿ ಹಿಡ್ಕೊಂಡು ನಿಲ್ಲೋದು. ಮೊದಲ ದಿನ ಮನೇಲಿ ಹೇಳಿದಾಗ ನಾನು ಅಂದಿದ್ದು, ಇಷ್ಟು ಓದಿಸಿ ಯಾರ್ಯಾರದ್ದೋ ಕಾಲು ಹಿಡಿಯೋಕಾ ಅಂತ. ತಮಾಷೆಗೆ ಅಂದಿದ್ದು. ಅವಳು ನಗಲಿಲ್ಲ.

ರೆಗ್ಯುಲರ್ ಸೀಸನ್ ಅಂದ್ರೆ ಬರೀ ಎಂಟು ಆಟ ರೀ, ಅದರಲ್ಲಿ ಅರ್ಧ ಮಾತ್ರ ಸ್ವಂತ ಮೈದಾನದಲ್ಲಿ. ಮೂರು ವರ್ಷಕ್ಕೆ ಹನ್ನೆರಡು. ನಾನು ಹೋಗಿದ್ದು ಒಂದಕ್ಕೆ, ಅದೂ ನಮ್ಮ ಇಂಡಿಯನ್ ಟೈಮಿಗೆ ಸರಿಯಾಗಿ ಸೆಕೆಂಡ್ ಹಾಫ್‌ಗೆ. 2019ರ ಕೊನೆಗೆ ಅವಳೇ ಕೇಳಿದ್ಲು, ಅಪ್ಪ ಮುಂದಿನ ವರ್ಷ ನನ್ನ ಲಾಸ್ಟ್ ಸೀಸನ್, ಬರ್ತೀಯಾ ಅಂತ. ನಾಲ್ಕಕ್ಕೂ ಬರ್ತೀನಿ, ಸಂಘಕ್ಕೆ ಈಗಲೇ ಹೇಳ್ಬಿಡ್ತೀನಿ ಅಂದೆ, ಹೇಳಿಯೂ ಹೇಳಿದೆ. 2020ರಲ್ಲಿ ಕೋವಿಡ್ ಬಂದು ಇಡೀ ದೇಶದ ಸೀಸನ್ನೇ ರದ್ದಾಯ್ತು.

ನಮ್ಮಪ್ಪ ನಾನು ಹೈಸ್ಕೂಲಲ್ಲಿ ಕಬಡ್ಡಿ ಆಡುವಾಗ ಸೈಕಲ್ ಮೇಲೆ ಬಂದು ಬೇಲಿ ಆಚೆ ಒಂದು ಕಾಲು ಊರಿ ನಿಂತ್ಕೊಂಡು ನೋಡ್ತಿದ್ರು. ಮನೇಲಿ ಅದರ ಬಗ್ಗೆ ಒಂದು ಮಾತೂ ಇಲ್ಲ. ಕೊಬ್ಬರಿ ಸಂತೆ ದಿನ ಇದ್ರೂ ಬರ್ತಿದ್ರು. ನಾನು ಅಷ್ಟು ದೂರದಿಂದ ಇಲ್ಲಿಗೆ ಬಂದವನು ಎರಡು ಕಿಲೋಮೀಟರ್ ಆಚೆ ಮೈದಾನಕ್ಕೆ ಹೋಗಲಿಲ್ಲ. ಹೊರಗೆ ಬಂದ ಮೇಲೆ ಮಕ್ಕಳು ಕನ್ನಡ ಮರೀತಾರೆ ಅಂತ ನಾವೆಲ್ಲ ಕೊರಗ್ತೀವಲ್ಲ, ಅವರ ಶನಿವಾರ ಹೇಗೆ ಹೋಗುತ್ತೆ ಅಂತ ನಮಗೆ ಗೊತ್ತಿಲ್ದೇ ಇದ್ದಿದ್ದಕ್ಕೆ ನಾನಂತೂ ಆಗ ಕೊರಗಲಿಲ್ಲ.

ಸರಿ, ಕೆಲಸಕ್ಕೆ ಬರೋ ಮಾತು. ದೇಶದಲ್ಲಿ 27 ಯೂನಿವರ್ಸಿಟಿ ಟೀಮು, ನಾಲ್ಕು ಗುಂಪು, ನಮ್ಮ ಒಂಟಾರಿಯೊ ಗುಂಪಲ್ಲೇ 11. ಆಗಸ್ಟ್ ಕೊನೆಗೆ ಶುರು, ಅಕ್ಟೋಬರ್ ಕೊನೆಗೆ ಲೀಗ್ ಮುಗಿಯುತ್ತೆ, ನವೆಂಬರ್ ಪೂರ್ತಿ ನಾಕ್‌ಔಟ್. ಒಂಟಾರಿಯೊ ಗೆದ್ದವರಿಗೆ ಯೇಟ್ಸ್ ಕಪ್, ಅದು 1898ರಿಂದ ಇದೆ, ದೇಶಕ್ಕೆಲ್ಲ ಗೆದ್ದವರಿಗೆ ವ್ಯಾನಿಯೇ ಕಪ್, 1965ರಿಂದ. ನಾನೂ ಆಡ್ತೀನಿ ಅಂತ ಮಗು ಹೇಳಿದ್ರೆ ಅಮೆರಿಕದ ಥರ ಪೂರ್ತಿ ಖರ್ಚು ಕೊಡ್ತಾರೆ ಅಂತ ಕನಸು ಕಾಣಬೇಡಿ, ಇಲ್ಲಿ ಸ್ಕಾಲರ್‌ಶಿಪ್ ಹೆಚ್ಚಂದ್ರೆ ಟ್ಯೂಷನ್ನು ಮತ್ತೆ ಕಡ್ಡಾಯ ಫೀಸಿನವರೆಗೆ. ಒಂದು ಆಟ ಮುಗಿಯೋಕೆ ಮೂರು ಗಂಟೆ ಹತ್ರ ಬೇಕು. ಸೆಪ್ಟೆಂಬರಲ್ಲಿ ಟೋಪಿ ಬೇಕು ಬಿಸಿಲಿಗೆ, ನವೆಂಬರಲ್ಲಿ ಟೋಪಿ ಬೇಕು ಕಿವಿಗೆ. ಅಲ್ಯೂಮಿನಿಯಂ ಬೆಂಚು ಕೆಳಗಿಂದ ಚಳಿ ಹತ್ತಿಸುತ್ತೆ, ಮಡಚಿದ ಹಳೇ ಕಂಬಳಿ ಹಾಕ್ಕೊಂಡು ಕೂತ್ಕೊಳ್ಳಿ, ಎರಡು ಜೊತೆ ಸಾಕ್ಸ್. ಬೆಂಗಳೂರಿಂದ ತಂದ ಸ್ವೆಟರ್ ಫೋಟೋಗೆ ಮಾತ್ರ.

ಆಟಕ್ಕಿಂತ ಗಲಾಟೆ ನೋಡ್ಬೇಕು ಅಂದ್ರೆ ಅಕ್ಟೋಬರಿನಲ್ಲಿ ಒಟ್ಟಾವಾಗೆ ಹೋಗಿ, ಕಾರ್ಲ್‌ಟನ್, ಒಟ್ಟಾವಾ ಅಂತ ಅಲ್ಲಿನ ಎರಡು ಯೂನಿವರ್ಸಿಟಿಗಳು ಒಂದು ಪಾಂಡಾ ಗೊಂಬೆಗೋಸ್ಕರ 1955ರಿಂದ ಜಗಳ ಆಡ್ತಿದಾವೆ. ಪಕ್ಕಾ ಊರಜಾತ್ರೆ.

2024 ನವೆಂಬರ್ 9ಕ್ಕೆ ನಮ್ಮೂರಲ್ಲೇ ಯೇಟ್ಸ್ ಕಪ್ ಫೈನಲ್, ಅದೇ ಶನಿವಾರ ನನಗೆ ರಾಜ್ಯೋತ್ಸವದ ಊಟದ ಕಮಿಟಿ ಕೆಲಸ. ಬೆಳಿಗ್ಗೆನೇ ಬಿಸಿಬೇಳೆಬಾತ್ ಪಾತ್ರೆ ಇಳಿಸಿ, ಕೊರಳಲ್ಲಿದ್ದ ಹಳದಿ ಕೆಂಪು ಶಾಲು ಬಿಚ್ಚದೇನೇ ಮೈದಾನಕ್ಕೆ ಓಡಿದೆ. ಲೀಗಲ್ಲಿ ಎಂಟಕ್ಕೆ ಎಂಟೂ ಗೆದ್ದು ಬಂದಿದ್ದ ನಮ್ಮೂರಿನ ಲಾರಿಯರ್ ಯೂನಿವರ್ಸಿಟಿ, ವೆಸ್ಟರ್ನ್ ಯೂನಿವರ್ಸಿಟಿ ಮೇಲೆ 51-31ಕ್ಕೆ ಗೆಲ್ತು. ಎರಡು ವಾರ ಬಿಟ್ಟು ಕಿಂಗ್‌ಸ್ಟನ್‌ನಲ್ಲಿ ವ್ಯಾನಿಯೇ ಕಪ್ ನೋಡೋಕೂ ಅದೇ ಶಾಲು ಹಾಕ್ಕೊಂಡು ಹೋದೆ, ಅಲ್ಲಿ ಎದುರು ಟೀಮು ಕ್ವಿಬೆಕ್‌ನ ಲಾವಾಲ್, ಅವರ ಹೆಸರೇ ರೂಜ್ ಎ ಓರ್, ಕೆಂಪು ಮತ್ತು ಚಿನ್ನ. ನಮ್ಮ ಬಾವುಟದ್ದೇ ಬಣ್ಣ! ಲಾರಿಯರ್ ಜನದ ನಡುವೆ ಶತ್ರು ಬಾವುಟ ಹೊದ್ಕೊಂಡು ಕೂತಿದೀನಿ, ಎಲ್ಲರೂ ಗುರಾಯಿಸ್ತಿದಾರೆ, ಯಾಕೆ ಅಂತ ನನಗೆ ಗೊತ್ತಾಗಿದ್ದು ಅರ್ಧ ಗಂಟೆ ಆದ್ಮೇಲೆ. 22-17ಕ್ಕೆ ಸೋತ್ವಿ. ಲಾವಾಲ್‌ಗೆ ಅದು 12ನೇ ಕಪ್, ಅಷ್ಟು ಯಾರ ಹತ್ರನೂ ಇಲ್ಲ.

ಮಗಳು ಈಗ ವ್ಯಾಂಕೂವರಲ್ಲಿ ಇದಾಳೆ. ಇಲ್ಲಿ ಒಂದು ಗಂಟೆಗೆ ಆಟ ಶುರುವಾದ್ರೆ ಅವಳಿಗೆ ಬೆಳಿಗ್ಗೆ ಹತ್ತು, ಫೋನ್ ಮಾಡಿ ಯಾರು ಬಿದ್ರು, ಯಾವ ಮಂಡಿ, ಎದ್ದು ನಡೆದನಾ ಅಂತಾನೇ ಕೇಳ್ತಾಳೆ, ಸ್ಕೋರ್ ಕೇಳಲ್ಲ. ನಾನು ಈಗ ಚೆಂಡು ಬಿಟ್ಟು ಗೆರೆ ಪಕ್ಕ ನೀರಿನ ಬಾಟಲಿ ಹಿಡ್ಕೊಂಡು ನಿಂತಿರೋ ಮಕ್ಕಳನ್ನೇ ಜಾಸ್ತಿ ನೋಡ್ತೀನಿ.

ಬರೋ ಸೀಸನ್ನಿಗೆ ನನ್ನ ಕಾರಲ್ಲಿ ಮೂರು ಸೀಟ್ ಖಾಲಿ ಇದೆ. ಹನ್ನೆರಡೂವರೆ ಅಂದ್ರೆ ಹನ್ನೆರಡೂವರೆ, ಕಾಯಲ್ಲ. ಪುಳಿಯೋಗರೆ ಇರುತ್ತೆ, ಪಾರ್ಕಿಂಗ್ ಲಾಟಲ್ಲೇ ತಿಂದು ಮುಗಿಸ್ಬೇಕು.