ಕನ್ನಡಕ ಮುಖದ ಮೇಲೆ, ಲೆನ್ಸ್ ಬ್ಯಾಗಿನಲ್ಲಿ

ಕನ್ನಡಕ ಬಿಟ್ಟು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಲಾ ಅಂತ ಯಾರಾದರೂ ಕೇಳಿದರೆ, ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಗಾಡಿ ಓಡಿಸ್ತೀರಾ? ದಿನಕ್ಕೆ ಎಷ್ಟು ಹೊತ್ತು ಎಸಿಯಲ್ಲಿ ಕೂರ್ತೀರಾ? ಮುಖ ಹೇಗೆ ಕಾಣುತ್ತೆ ಅನ್ನೋದು ಆಮೇಲಿನ ಮಾತು.

ನನ್ನ ಪವರ್ ಎರಡೂ ಕಣ್ಣಿಗೆ ಮೈನಸ್ 5.50. ಬಲಗಣ್ಣಿಗೆ ಸ್ವಲ್ಪ ಸಿಲಿಂಡರ್ ಕೂಡ ಇದೆ, ಅಂದರೆ ಕಣ್ಣಿನ ಬಾಗು ಎಲ್ಲಾ ದಿಕ್ಕಿನಲ್ಲೂ ಒಂದೇ ಸಮ ಇಲ್ಲ. ಇಷ್ಟು ಪವರ್ ಇರುವವರಿಗೆ ಕನ್ನಡಕ ತೆಗೆದರೆ ಸುಮಾರು 18 ಸೆಂಟಿಮೀಟರ್ ಆಚೆಗೆ ಎಲ್ಲಾ ಮಸುಕು. ಒಂದು ಗೇಣು ಕೂಡ ಇಲ್ಲ. ಹಾಗಾಗಿ ಕನ್ನಡಕವನ್ನು ಪೂರ್ತಿ ಬಿಡುವ ಮಾತೇ ಇಲ್ಲ. ರಾತ್ರಿ ಲೆನ್ಸ್ ತೆಗೆದ ಮೇಲೆ ಬಚ್ಚಲುಮನೆಯಿಂದ ಮಂಚದವರೆಗೆ ನಡೆಯೋದಕ್ಕೂ ಅದು ಬೇಕು.

ನಾನು ಲೆನ್ಸ್ ಕಡೆ ತಿರುಗಿದ್ದು ಮಳೆಯಿಂದ. ಬೆಂಗಳೂರಿನಲ್ಲಿ ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಸ್ಕೂಟರಿನಲ್ಲಿ ಹೋಗುತ್ತಿದ್ದ ಕಾಲ. ಹೆಲ್ಮೆಟ್ ಗಾಜಿನ ಮೇಲೆ ಹನಿ, ಅದರ ಹಿಂದೆ ಕನ್ನಡಕದ ಮೇಲೆ ಉಸಿರಿನ ಹಬೆ. ಸಿಲ್ಕ್ ಬೋರ್ಡಿನಲ್ಲಿ ಎದುರಿನ ಹೆಡ್‌ಲೈಟ್‌ಗಳೆಲ್ಲ ಒಂದಕ್ಕೊಂದು ಸೇರಿಕೊಂಡು ಯಾವುದು ಬಸ್ಸು, ಯಾವುದು ಬೈಕು ಗೊತ್ತಾಗುತ್ತಿರಲಿಲ್ಲ. ಹೆಲ್ಮೆಟ್ ಒತ್ತಿ ಒತ್ತಿ ಕನ್ನಡಕದ ಕಡ್ಡಿ ಕಿವಿಯ ಹಿಂದೆ ನೋವು ಬೇರೆ. ಪಕ್ಕದ ನೋಟವೂ ಕಷ್ಟ. ಮೈನಸ್ ಗಾಜು ಅಂಚಿನಲ್ಲಿ ದಪ್ಪ, ಅಲ್ಲಿಂದ ನೋಡಿದರೆ ಎಲ್ಲಾ ಸೊಟ್ಟ. ಫ್ರೇಮ್ ಮುಗಿದ ಮೇಲಂತೂ ಬರೀ ಮಂಜು.

ಕನ್ನಡಕದ ಚೀಟಿ ನೋಡಿಕೊಂಡು ಆನ್‌ಲೈನಲ್ಲಿ ಲೆನ್ಸ್ ತರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕನ್ನಡಕ ಕಣ್ಣಿನಿಂದ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿರುತ್ತದೆ. ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಮೈನಸ್ 4 ದಾಟಿದ ಮೇಲೆ ಈ ಅಂತರ ಲೆಕ್ಕಕ್ಕೆ ಬರುತ್ತದೆ. ಕನ್ನಡಕದಲ್ಲಿ 5.50 ಇರುವ ನನಗೆ ಲೆನ್ಸಿನಲ್ಲಿ 5.25 ಸಾಕಾಯಿತು. ಜತೆಗೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಬಾಗು, ಲೆನ್ಸಿನ ಅಗಲ, ಕಣ್ಣೀರು ಸಾಕಷ್ಟಿದೆಯಾ ಅನ್ನುವುದನ್ನೂ ನೋಡಬೇಕು. ಸಿಲಿಂಡರ್ ಇರುವ ಕಣ್ಣಿಗೆ ಟೋರಿಕ್ ಲೆನ್ಸ್ ಬೇಕು. ಅದು ಕಣ್ಣಿನಲ್ಲಿ ತಿರುಗದೆ ಒಂದೇ ಕಡೆ ನಿಲ್ಲಬೇಕು, ತಿರುಗಿದರೆ ಅಕ್ಷರ ಮಸುಕಾಗುತ್ತದೆ. ನನ್ನ ಆಪ್ಟೋಮೆಟ್ರಿಸ್ಟ್ ಟ್ರಯಲ್ ಲೆನ್ಸ್ ಹಾಕಿ, "ಹೊರಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ ಮೇಡಂ, ಆಮೇಲೆ ನೋಡೋಣ" ಅಂದರು. ಕಾಫಿ ಕುಡಿದು ಬಂದ ಮೇಲೆ ಬಲಗಣ್ಣಿನ ಲೆನ್ಸ್ ಬದಲಾಯಿಸಿದರು. ಇಷ್ಟು ತಾಳ್ಮೆ ಇರುವ ಕಡೆಗೇ ಹೋಗಿ.

ಹಾಕಿಕೊಳ್ಳೋದು ಕಲಿಯಲು ಭಯಪಡಬೇಕಿಲ್ಲ. ಬೆರಳಿನ ತುದಿಯಲ್ಲಿಟ್ಟು ಪಕ್ಕದಿಂದ ನೋಡಿ. ಬಟ್ಟಲಿನ ಹಾಗೆ ಅಂಚು ನೇರ ಮೇಲೆದ್ದಿದ್ದರೆ ಸರಿ, ಅಂಚು ಹೊರಕ್ಕೆ ಬಾಗಿದ್ದರೆ ಒಳಹೊರಗಾಗಿದೆ. ಕಾಡಿಗೆ ಹಚ್ಚುವವರು ಮೊದಲು ಲೆನ್ಸ್, ಆಮೇಲೆ ಕಾಡಿಗೆ. ಹಸಿಮೆಣಸಿನಕಾಯಿ ಹೆಚ್ಚಿದ ದಿನ ಮಾತ್ರ ತುಂಬಾ ಎಚ್ಚರ. ಸೋಪು ಹಾಕಿ ತೊಳೆದರೂ ಬೆರಳಲ್ಲಿ ಖಾರ ಉಳಿದಿರುತ್ತದೆ. ನಾನಂತೂ ಅಂಥ ದಿನ ಲೆನ್ಸ್ ಪೊಟ್ಟಣಕ್ಕೆ ಕೈ ಹಾಕೋದಿಲ್ಲ. ಆದರೆ ಲೆನ್ಸ್ ಹಾಕಿಕೊಂಡು ಈರುಳ್ಳಿ ಹೆಚ್ಚಿ ನೋಡಿ, ಕಣ್ಣು ಉರಿಯೋದು ಎಷ್ಟೋ ಕಡಿಮೆ! ಮದುವೆಮನೆ ಅಡುಗೆಯಲ್ಲಿ ಈರುಳ್ಳಿ ಕೆಲಸ ನನಗೇ ಬರುತ್ತದೆ.

ತೊಂದರೆ ಶುರುವಾಗೋದು ಆಫೀಸಿನಲ್ಲಿ. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯೋದೇ ಕಡಿಮೆ. ಮೇಲೆ ಎಸಿ ಗಾಳಿ. ಮಧ್ಯಾಹ್ನ ಊಟ ಆದ ಮೇಲೆ ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಅನ್ನಿಸುತ್ತದೆ. ಈ ಊರಿನ ಧೂಳು ಮತ್ತು ಪಾರ್ಥೇನಿಯಂ, ಅದೇ ನಮ್ಮ ಕಾಂಗ್ರೆಸ್ ಗಿಡ, ಅಲರ್ಜಿ ಇರುವವರನ್ನು ಸುಮ್ನೆ ಬಿಡೋದಿಲ್ಲ. ಕಣ್ಣು ತುರಿಸುವ ದಿನ ನಾನು ಲೆನ್ಸ್ ಮುಟ್ಟುವುದಿಲ್ಲ, ಚರ್ಚೆಯೇ ಇಲ್ಲ.

ಹಾಗಾಗಿ ನನ್ನ ಮಟ್ಟಿಗೆ ನಿಜವಾದ ಆಯ್ಕೆ ಕನ್ನಡಕವೋ ಲೆನ್ಸೋ ಅನ್ನುವುದಲ್ಲ. ಯಾವ ಗಂಟೆಗಳಿಗೆ ಲೆನ್ಸ್ ಬೇಕು ಅನ್ನುವುದು. ಅದು ಗೊತ್ತಾದರೆ ಯಾವ ಲೆನ್ಸ್ ಅನ್ನುವುದೂ ಗೊತ್ತಾಗುತ್ತದೆ. ತಿಂಗಳ ಲೆನ್ಸ್ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ದಿನಾ ಹಾಕುವವರಿಗೆ ಅಗ್ಗವೇ. ಆದರೆ ಅದರ ತಿಂಗಳು ಪ್ಯಾಕ್ ಒಡೆದ ದಿನದಿಂದ ಶುರು. ನಾಲ್ಕೇ ಸಲ ಹಾಕಿದ್ದೀರಿ ಅಂತ ಎರಡು ತಿಂಗಳಿಗೆ ಎಳೆಯುವ ಹಾಗಿಲ್ಲ. ಲೆನ್ಸ್ ತೊಳೆದು ನೆನೆಸಿಡುವ ಸಲ್ಯೂಷನ್ ಬಾಟಲಿಗೂ ಒಡೆದ ಮೇಲೆ ಆಯುಷ್ಯ ಕಡಿಮೆ. ಲೆನ್ಸ್ ಇಡುವ ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಬದಲಾಯಿಸಬೇಕು. ವಾರಕ್ಕೆ ಒಂದೆರಡು ದಿನ ಹಾಕುವ ನನ್ನಂಥವರಿಗೆ ಒಂದು ದಿನ ಹಾಕಿ ಬಿಸಾಡುವ ಲೆನ್ಸೇ ಲಾಭ. ತೊಳೆಯೋದೂ ಇಲ್ಲ, ಡಬ್ಬಿಯೂ ಇಲ್ಲ.

ನೀರಿನ ವಿಷಯ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಲೆನ್ಸಿಗೆ ನೀರು ತಾಕಿಸಬಾರದು. ಕಾವೇರಿ ಇರಲಿ, ಬೋರ್‌ವೆಲ್ ಇರಲಿ, ಟ್ಯಾಂಕರ್ ಇರಲಿ, ಕುಡಿಯುವ ಫಿಲ್ಟರ್ ನೀರೇ ಇರಲಿ. ನೀರಿನಲ್ಲಿರುವ ಅಕಾಂತಮೀಬಾ ಅನ್ನುವ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ ಹತ್ತಿಕೊಂಡರೆ ನೋಟಕ್ಕೇ ಕುತ್ತು, ಚಿಕಿತ್ಸೆಯೂ ತಿಂಗಳುಗಟ್ಟಲೆ. ಆದ್ದರಿಂದ ಕೈ ತೊಳೆದು ಒರೆಸಿಕೊಂಡ ಮೇಲೇ ಲೆನ್ಸ್ ಮುಟ್ಟಬೇಕು. ಸ್ನಾನಕ್ಕೆ, ಈಜಿಗೆ ಮುಂಚೆ ತೆಗೆದಿಡಬೇಕು. ಡಬ್ಬಿಯಲ್ಲಿ ಉಳಿದ ಹಳೇ ಸಲ್ಯೂಷನ್ ಮೇಲೆ ಹೊಸದು ಸುರಿಯುವುದೂ ತಪ್ಪು. ಲೆನ್ಸ್ ಹಾಕಿಕೊಂಡು ನಿದ್ದೆ ಮಾಡುವುದಂತೂ ಬೇಡವೇ ಬೇಡ, ಬಸ್ಸಿನ ಕಿಟಕಿ ಪಕ್ಕದ ತೂಕಡಿಕೆ ಕೂಡ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಗಾಳಿಯಿಂದಲೇ ಬರಬೇಕು. ರೆಪ್ಪೆ ಮುಚ್ಚಿ, ಒಳಗೆ ಲೆನ್ಸೂ ಇದ್ದರೆ ಅದಕ್ಕೆ ಉಸಿರೆಲ್ಲಿ? ಕಣ್ಣು ಕೆಂಪಾಗಿ, ನೋವಿದ್ದು, ಬೆಳಕು ಚುಚ್ಚಿದರೆ ಲೆನ್ಸ್ ತೆಗೆದು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಖಾಸಗಿ ಆಸ್ಪತ್ರೆ ಖರ್ಚು ಬೇಡ ಅಂದರೆ ಚಾಮರಾಜಪೇಟೆಯಲ್ಲಿ ಮಿಂಟೋ ಕಣ್ಣಾಸ್ಪತ್ರೆ ಇದೆ, ಸರ್ಕಾರದ್ದು.

2025ರ ಆಗಸ್ಟಿನಲ್ಲಿ ಮೆಟ್ರೋದ ಹಳದಿ ಮಾರ್ಗ ಶುರುವಾಯಿತು. ಆರ್.ವಿ. ರೋಡಿನಲ್ಲಿ ಹತ್ತಿದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿಯುತ್ತೇನೆ. ಹೆಲ್ಮೆಟ್ ಇಲ್ಲದ ಮೇಲೆ ಆಫೀಸಿಗೆ ಲೆನ್ಸ್ ಯಾಕೆ? ಈಗ ವಾರದ ದಿನಗಳಲ್ಲಿ ಕನ್ನಡಕ. ಶಟಲ್ ಆಡುವ ಬೆಳಿಗ್ಗೆ, ಮದುವೆ, ಸ್ಕೂಟರಿನಲ್ಲಿ ಸುತ್ತುವ ಭಾನುವಾರ, ಇದಕ್ಕೆಲ್ಲ ಲೆನ್ಸ್. ಕನ್ನಡಕ ಬ್ಯಾಗಿನಲ್ಲಿ ಜತೆಗಿರುತ್ತದೆ.

ಉಳಿದ ದುಡ್ಡನ್ನು ಒಳ್ಳೇ ಕನ್ನಡಕಕ್ಕೆ ಹಾಕಿದೆ. ತೆಳುವಾದ 1.67 ಇಂಡೆಕ್ಸ್ ಗಾಜು (ಇಂಡೆಕ್ಸ್ ಹೆಚ್ಚಿದಷ್ಟೂ ಗಾಜು ತೆಳು), ರಾತ್ರಿ ಬೆಳಕು ಚದುರದಂತೆ ಕೋಟಿಂಗ್. ಆದರೆ ದುಬಾರಿ ಇಂಡೆಕ್ಸಿಗಿಂತ ಮೊದಲು ಫ್ರೇಮ್ ನೋಡಿ. ದೊಡ್ಡ ಚೌಕದ ಫ್ರೇಮ್ ಆರಿಸಿದರೆ ಯಾವ ಗಾಜೂ ಅಂಚಿನಲ್ಲಿ ದಪ್ಪವೇ. ಮುಖಕ್ಕೆ ಒಪ್ಪುವ ಚಿಕ್ಕ, ದುಂಡನೆಯ ಫ್ರೇಮ್ ಸಾಕು, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ನಲವತ್ತು ದಾಟಿದವರಿಗೆ ಇನ್ನೊಂದು ಮಾತು. ನನ್ನ ಅಕ್ಕನಿಗೂ ಮೈನಸ್ ಪವರ್. ಅವಳು ಕನ್ನಡಕ ಹಣೆಗೇರಿಸಿ ಮೊಬೈಲ್ ಹತ್ತಿರ ಹಿಡಿದು ಓದಿಬಿಡುತ್ತಾಳೆ. ಲೆನ್ಸ್ ಹಾಕಿದ ದಿನ ಆ ಸವಲತ್ತು ಇಲ್ಲ, ಮೆನು ಕಾರ್ಡ್ ಓದಲು ಬೇರೆ ಓದುವ ಕನ್ನಡಕ ಹುಡುಕಬೇಕು.

ಮತ್ತೆ ಲೆನ್ಸ್ ಹಾಕಲಿ, ಕನ್ನಡಕ ಹಾಕಲಿ, ಮೈನಸ್ ಪವರಿನವರ ಉದ್ದವಾದ ಕಣ್ಣುಗುಡ್ಡೆ ಉದ್ದವಾಗಿಯೇ ಇರುತ್ತದೆ. ಪವರ್ ಜಾಸ್ತಿ ಇದ್ದಷ್ಟೂ ಒಳಗಿನ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರ, ಎಳೆದು ತೆಳುವಾಗುವ ಸಾಧ್ಯತೆ ಜಾಸ್ತಿ. ಇದ್ದಕ್ಕಿದ್ದಂತೆ ಮಿಂಚು ಹೊಡೆದ ಹಾಗೆ, ಕಪ್ಪು ಚುಕ್ಕಿ ತೇಲಿದ ಹಾಗೆ, ಪರದೆ ಇಳಿದ ಹಾಗೆ ಕಂಡರೆ ಕಾಯಬಾರದು. ಇಲ್ಲದಿದ್ದರೂ ನಾನು ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ಪಾಪೆ ಅಗಲ ಮಾಡಿಸಿಕೊಂಡು ತಪಾಸಣೆ ಮಾಡಿಸುತ್ತೇನೆ. ಅದು ಇಳಿಯಲು ಕೆಲವು ಗಂಟೆ ಬೇಕು, ಬಿಸಿಲು ಸಹಿಸೋಕಾಗಲ್ಲ. ಅವತ್ತು ಕನ್ನಡಕದಲ್ಲೇ ಹೋಗಿ, ವಾಪಸ್ ಬರಲು ಆಟೋ ಹಿಡಿಯಿರಿ.