ಜೆಟ್ ಸ್ಕಿ ಎಂಜಿನ್ ಒಳಗೆ ಬೋಲ್ಟ್ ಹೋದ್ರೆ ರಿಪೇರಿ ಹೆಂಗೆ? ದಾವಣಗೆರೆ ಗ್ಯಾರೇಜಲ್ಲಿ ನಾವು ಮಾಡಿದ್ದು

ದಾವಣಗೆರೆಯಾಗೆ ಜೆಟ್ ಸ್ಕಿ, ಅಂದ್ರೆ ನೀರಿನ ಮೇಲೆ ಓಡೋ ಸ್ಕೂಟರ್, ಎಲ್ಲಿಂದ ಬಂತು ಅಂತ ಕೇಳ್ತೀರಿ, ಹೇಳ್ತೀನಿ. ನಮ್ಮ ಭಾವ ಮಲ್ಪೆ ಕಡೆ ಬೀಚಲ್ಲಿ ರೈಡ್ ಕೊಡೋ ಕೆಲಸ ಮಾಡ್ತಾರೆ, ಅವ್ರ ಹತ್ರ ಒಂದು ಹಳೇ ಯಮಹಾ ಐತಿ, ಎರಡು ಸಿಲಿಂಡರ್ ಟೂ ಸ್ಟ್ರೋಕ್, 701 ಸಿಸಿ. ಹೋದ ಸೀಸನ್‌ನಾಗೆ ಸಮುದ್ರದ ಮಧ್ಯೆ ಟಕ ಟಕ ಟಕ ಅಂತ ಸೌಂಡ್ ಬಂದು ನಿಂತುಹೋಯ್ತಂತೆ, ಬೊಲೆರೋ ಪಿಕಪ್‌ನಾಗೆ ತಾಡಪಾಲು ಹೊದಿಸಿ ಘಟ್ಟ ಹತ್ತಿಸಿ ನನ್ನ ಗ್ಯಾರೇಜಿಗೇ ತಂದ್ರು. ನಾನು ಇಪ್ಪತ್ತು ವರ್ಷದಿಂದ ಆರ್‌ಎಕ್ಸ್ 100 ಬೈಕಿನ ಕೆಲಸ ಮಾಡ್ತಿರೋನು. ಟೂ ಸ್ಟ್ರೋಕ್ ಅಂದ್ರೆ ಟೂ ಸ್ಟ್ರೋಕೇ, ಆರ್‌ಎಕ್ಸ್‌ನಾಗಿರೋ ರೀಡ್ ವಾಲ್ವೇ (ಪೆಟ್ರೋಲ್ ಗಾಳಿ ಒಳಗೆ ಬಿಟ್ಟು ವಾಪಸ್ ಹೋಗದಂಗೆ ಮುಚ್ಚೋ ತೆಳು ಪಟ್ಟಿ) ಇದ್ರಲ್ಲೂ ಇರೋದು, ಸೈಜ್ ದೊಡ್ದು, ತಣ್ಣಗಾಗೋದು ಗಾಳಿ ಬದ್ಲು ನೀರಿಂದ, ಅಷ್ಟೇ.

ಭಾವ ಬಂದೋರೇ "ತಮ್ಮ, ಒಂದು ಪಿಸ್ಟನ್ ಹಾಕ್ಕೊಟ್ಬಿಡು, ಶನಿವಾರಕ್ಕೆ ಬೇಕು" ಅಂದ್ರು. "ಭಾವ, ಒಳಗೆ ಹೋಗಿರೋ ಬೋಲ್ಟು ಪೂರ್ತಿ ಹೊರಗೆ ಬರೋವರೆಗೂ ನಾನು ಹೊಸ ಪಿಸ್ಟನ್ ಪ್ಯಾಕೆಟ್ ಬಿಚ್ಚಲ್ಲ" ಅಂದೆ. ಈ ಕೆಲಸದಾಗೆ ಮುಖ್ಯ ಇದೇ ನೋಡ್ರಿ. ಪಿಸ್ಟನ್ ಹಾಕೋದು ಕಷ್ಟ ಅಲ್ಲ. ಬೋಲ್ಟ್ ಎಲ್ಲಿಂದ ಬಂತು, ಪೂರ್ತಿ ಸಿಕ್ತಾ, ಯಾಕೆ ಸಡಿಲ ಆಯ್ತು, ಈ ಮೂರಕ್ಕೆ ಉತ್ತರ ಸಿಗದೆ ಜೋಡಿಸಿದ್ರೆ ಅದೇ ದುಡ್ಡು ಎರಡನೇ ಸಲ ಹೋಗ್ತತಿ.

ಮೊದಲು ನೀರಿನ ಮೇಲೆ ಇದ್ದಾಗ ಏನು ಮಾಡ್ಬೇಕು ಅನ್ನೋದು. ಸೌಂಡ್ ಬಂದ ತಕ್ಷಣ ಕೈಗೆ ಕಟ್ಟಿರೋ ಲ್ಯಾನ್ಯಾರ್ಡ್ ಎಳೆದು ಆಫ್ ಮಾಡ್ರಿ, ಆಮೇಲೆ ಇನ್ನೊಂದ್ಸಲ ಸ್ಟಾರ್ಟ್ ಬಟನ್ ಮುಟ್ಟಬೇಡ್ರಿ. ನಮ್ಮ ಭಾವನ ಹುಡುಗ ದಡಕ್ಕೆ ಬರೋಣ ಅಂತ ನಾಲ್ಕೈದು ಸಲ ಸೆಲ್ಫ್ ಹೊಡೆದಿದ್ದಾನೆ, ಒಂದೊಂದು ಸಲಾನೂ ಆ ಬೋಲ್ಟು ಪಿಸ್ಟನ್‌ಗೂ ಹೆಡ್‌ಗೂ ಮಧ್ಯೆ ಸುತ್ತಿಗೆ ಏಟು ತಿಂದಂಗೆ ತಿಂದೈತಿ, ಒಂದೇ ತುಂಡಾಗಿ ಸಿಗ್ತಿದ್ದುದು ಚೂರು ಚೂರಾಗಿ ಕೆಳಗೆ ಕ್ರ್ಯಾಂಕ್ ತಿರುಗೋ ಡಬ್ಬಿಗೂ, ಅಂದ್ರೆ ಕ್ರ್ಯಾಂಕ್ ಕೇಸಿಗೂ, ಇಳಿದೈತಿ. ಹಗ್ಗ ಕಟ್ಟಿ ಎಳಕೊಂಡು ಬರ್ರಿ, ಅಷ್ಟೇ.

ಗ್ಯಾರೇಜಿಗೆ ಬಂದ್ಮೇಲೆ ಸೀಟು, ಹುಡ್ ತೆಗೆದು ಒಂದರ್ಧ ಗಂಟೆ ಹಂಗೇ ಬಿಡ್ರಿ. ಬೈಕ್ ತರ ಅಲ್ಲ ಇದು, ಎಂಜಿನ್ ಒಂದು ಮುಚ್ಚಿದ ತೊಟ್ಟಿ ಒಳಗೆ ಕೂತಿರ್ತತಿ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕೆಳಗೇ ನಿಂತಿರ್ತತಿ, ಒಂದು ಕಿಡಿ ಸಾಕು. ಆಮೇಲೆ ಬ್ಯಾಟರಿ ನೆಗೆಟಿವ್ ಬಿಚ್ರಿ.

ಈಗ ಪ್ಲಗ್ ಬಿಚ್ಚಿ ನೋಡ್ರಿ, ಅರ್ಧ ಕಥೆ ಅಲ್ಲೇ ಗೊತ್ತಾಗ್ತತಿ. ನಮ್ಮದ್ರಲ್ಲಿ ಹಿಂದಿನ ಸಿಲಿಂಡರ್ ಪ್ಲಗ್ ತುದಿ ಪೂರ್ತಿ ಒತ್ತಿಕೊಂಡು ಗ್ಯಾಪೇ ಇರ್ಲಿಲ್ಲ, ಪಿಂಗಾಣಿ ಮೇಲೆ ರವೆ ಕಾಳಿನಷ್ಟು ಸಣ್ಣ ಸಣ್ಣ ಅಲ್ಯೂಮಿನಿಯಂ ಕಾಳು ಅಂಟಿದ್ವು. ಮುಂದಿನ ಪ್ಲಗ್ ಕಂದು ಬಣ್ಣ, ಚೆನ್ನಾಗೇ ಇತ್ತು. ಮೊಬೈಲಿಗೆ ಹಾಕೋ ಸಣ್ಣ ಕ್ಯಾಮೆರಾ ವೈರ್ ಸಿಗ್ತತಲ್ಲ, ಅದನ್ನ ಪ್ಲಗ್ ತೂತಲ್ಲಿ ಬಿಟ್ರೆ ಪಿಸ್ಟನ್ ತಲೆ ಕಾಣ್ತತಿ, ನಮ್ಮದು ಜೋಳದ ರೊಟ್ಟಿ ಮೇಲೆ ಬೆರಳು ಒತ್ತಿದಂಗೆ ತುಂಬಾ ಗುಳಿ ಬಿದ್ದಿತ್ತು.

ಬೋಲ್ಟ್ ಎಲ್ಲಿಂದ ಬಂತು ಅನ್ನೋದನ್ನ ಹೆಡ್ ಬಿಚ್ಚೋಕೆ ಮುಂಚೇನೇ ನೋಡ್ಕೊಳ್ರಿ. ಹೊರಗಿನ ಬೋಲ್ಟ್ ಯಾವುದೂ ಎಂಜಿನ್ ಒಳಗೆ ಹೋಗಲ್ಲ, ಕಾರ್ಬೊರೇಟರ್ ಬಾಯಿ ಕಡೆಯಿಂದಾನೇ ಹೋಗ್ಬೇಕು. ಗಾಳಿ ಎಳಕೊಳ್ಳೋ ಜಾಗದಾಗೆ ಫ್ಲೇಮ್ ಅರೆಸ್ಟರ್ ಅಂತ ಜಾಲರಿ ಇರ್ತತಿ, ಅದನ್ನ ಕೂರಿಸೋ ಪ್ಲೇಟಿನ ಬೋಲ್ಟ್‌ಗಳು ಕಾರ್ಬೊರೇಟರ್ ಬಾಯಿ ಪಕ್ಕದಲ್ಲೇ, ಜಾಲರಿ ಒಳಗಡೆಗೇ ಬರ್ತಾವೆ. ಚೋಕ್ ಪ್ಲೇಟಿನ ಸಣ್ಣ ಸ್ಕ್ರೂ, ಥ್ರಾಟಲ್ ಬಟರ್‌ಫ್ಲೈ ಸ್ಕ್ರೂ, ರೀಡ್ ವಾಲ್ವ್ ಸ್ಕ್ರೂ, ಇವೂ ಸಡಿಲ ಆದ್ರೆ ಸೀದಾ ಒಳಗೇ. ಒಂದೊಂದಾಗಿ ಎಣಿಸ್ರಿ. ನಮ್ಮದು ಅರೆಸ್ಟರ್ ಪ್ಲೇಟಿನ 6 ಎಂಎಂ ಬೋಲ್ಟು, ಒಂದು ಇರ್ಲೇ ಇಲ್ಲ, ಪಕ್ಕದ್ದು ಕೈಯಲ್ಲೇ ತಿರುಗ್ತಿತ್ತು. ಹಿಂದೆ ಯಾರೋ ಕಾರ್ಬೊರೇಟರ್ ಸರ್ವಿಸ್ ಮಾಡಿದ್ರಂತೆ, ಒಂದು ಬೋಲ್ಟಿಗೂ ಥ್ರೆಡ್ ಅಂಟಿಸಿ ಹಿಡಿಯೋ ಲಾಕ್‌ಟೈಟ್ ಗುರುತಿಲ್ಲ, ಬರೀ ಸ್ಪ್ರಿಂಗ್ ವಾಷರ್ ನಂಬಿಕೊಂಡು ಟೈಟ್ ಮಾಡಿದ್ದಾರೆ. ಈ ಎಂಜಿನ್ ನಡುಕಕ್ಕೆ ಸ್ಪ್ರಿಂಗ್ ವಾಷರ್ ಸಾಕಾಗಲ್ಲ.

ಆಮೇಲೆ ಕಾರ್ಬೊರೇಟರ್, ರೀಡ್ ಬಿಚ್ರಿ. ರೀಡಿನ ಪಟ್ಟಿ ಮುರಿದಿದ್ರೆ ಅದರ ಚೂರೂ ಒಳಗೇ ಐತಿ ಅಂತ ಲೆಕ್ಕ. ನಮ್ಮದು ಸ್ಟೀಲ್ ಪಟ್ಟಿ, ಒಂದರ ಮೂಲೆ ಕಿತ್ತಿತ್ತು. ಬೋಲ್ಟು ಆ ದಾರೀಲಿ ಕ್ರ್ಯಾಂಕ್ ಕೇಸಿಗೆ ಬಿದ್ದು, ಅಲ್ಲಿಂದ ಟ್ರಾನ್ಸ್‌ಫರ್ ಪೋರ್ಟಲ್ಲಿ, ಅಂದ್ರೆ ಕೇಸಿಂದ ಸಿಲಿಂಡರಿಗೆ ಹೋಗೋ ದಾರೀಲಿ, ಪೆಟ್ರೋಲ್ ಗಾಳಿ ಜೊತೆಗೇ ಮೇಲೆ ಹಾರಿ ಪಿಸ್ಟನ್ ತಲೆ ಮೇಲೆ ಬಂದೈತಿ. ಟೂ ಸ್ಟ್ರೋಕಲ್ಲಿ ಇದೇ ದೊಡ್ಡ ಸಮಸ್ಯೆ, ಒಳಗೆ ಬಂದಿದ್ದು ಕೆಳಗೂ ಸುತ್ತಿ ಮೇಲೂ ಸುತ್ತುತತಿ, ಮೇಲಷ್ಟೇ ನೋಡಿ ಕೈ ತೊಳ್ಕೊಳ್ಳೋ ಹಂಗಿಲ್ಲ.

ಈಗ ಚೂರು ಹುಡುಕೋದು. ಇದಕ್ಕೆ ಎಷ್ಟು ಟೈಮ್ ಆಗ್ತತೋ ಅಷ್ಟು ಕೊಡ್ರಿ. ಹೆಡ್, ಬ್ಲಾಕ್ ಎರಡೂ ಎತ್ತಿ, ಸಿಕ್ಕ ಒಂದೊಂದು ಚೂರನ್ನೂ ಹಳೇ ಪೇಪರ್ ಮೇಲೆ ಇಡ್ತಾ ಹೋಗ್ರಿ. ಎಕ್ಸಾಸ್ಟ್ ಪೋರ್ಟ್, ಮ್ಯಾನಿಫೋಲ್ಡ್ ಒಳಗೂ ಬೆರಳಾಡಿಸ್ರಿ. ಎಲ್ಲರೂ ಮ್ಯಾಗ್ನೆಟ್ ಹಾಕಿ ತೆಗಿತೀನಿ ಅಂತಾರೆ, ಆದ್ರೆ ಉಪ್ಪು ನೀರಿನ ಗಾಡಿ ಆದ್ರಿಂದ ಇದ್ರಾಗೆ ಬಹಳಷ್ಟು ಬೋಲ್ಟ್ ಸ್ಟೇನ್‌ಲೆಸ್ಸು, 304 ಗ್ರೇಡ್ ಸ್ಟೇನ್‌ಲೆಸ್ ಮ್ಯಾಗ್ನೆಟಿಗೆ ಸರಿಯಾಗಿ ಅಂಟೋದೇ ಇಲ್ಲ, ಪಿಸ್ಟನ್ ಚೂರು ಅಲ್ಯೂಮಿನಿಯಂ, ಅದನ್ನಂತೂ ಕೇಳೋದೇ ಬೇಡ. ಮ್ಯಾಗ್ನೆಟಿಗೆ ಏನೂ ಬರ್ಲಿಲ್ಲ ಅಂದ್ರೆ ಒಳಗೆ ಏನೂ ಇಲ್ಲ ಅಂತ ಅರ್ಥ ಅಲ್ಲ.

ನಾನು ಮಾಡಿದ್ದು ಇಷ್ಟು. ಪಕ್ಕದಲ್ಲಿ ಸಡಿಲ ಇತ್ತಲ್ಲ, ಅದೇ ಅಳತೆಯ ಇನ್ನೊಂದು ಬೋಲ್ಟು, ಅದನ್ನೂ ಸಿಕ್ಕ ಚೂರುಗಳನ್ನೂ ಡಬ್ಬೀಲಿ ಹಾಕ್ಕೊಂಡು ನಮ್ಮ ಬೀದಿ ಅಕ್ಕಸಾಲಿಗರ ಹತ್ರ ಹೋದೆ, ಚಿನ್ನ ತೂಗೋ ತಕ್ಕಡೀಲಿ ಹಾಕ್ಸಿದೆ. ಇಡೀ ಬೋಲ್ಟು 5.1 ಗ್ರಾಂ, ಚೂರೆಲ್ಲಾ ಸೇರಿ 4.3 ಗ್ರಾಂ. ಅಂದ್ರೆ ಮುಕ್ಕಾಲು ಗ್ರಾಂಗಿಂತ ಜಾಸ್ತಿ ಇನ್ನೂ ಒಳಗೈತಿ. ಆ ತಕ್ಕಡಿ ನೋಡದೇ ಇದ್ದಿದ್ರೆ ನಾನೂ ಕೆಳಗಡೆ ಪೆಟ್ರೋಲ್ ಹಾಕಿ ತೊಳೆದು ಸಾಕು ಅಂತಿದ್ದೆ. ವಾಪಸ್ ಬಂದು ಎಂಜಿನ್ ಹೊರಗೆ ಎತ್ತಿದ್ವಿ, ಇಬ್ಬರು ಬೇಕು, ಕ್ರ್ಯಾಂಕ್ ಕೇಸ್ ಎರಡು ಭಾಗ ಮಾಡಿದ್ವಿ. ಉಳಿದ ತುಂಡು, ಮೂರು ಎಳೆ ಥ್ರೆಡ್ ಇರೋದು, ಮೇನ್ ಬೇರಿಂಗ್ ಪಕ್ಕದ ಸಂದೀಲಿ ಎಣ್ಣೆ ಜಿಡ್ಡಿನಾಗೆ ಅಂಟ್ಕೊಂಡು ಕೂತಿತ್ತು. ಅದು ಬೇರಿಂಗ್ ಒಳಗೆ ಹೋಗಿದ್ರೆ ಕ್ರ್ಯಾಂಕೇ ಹೋಗ್ತಿತ್ತು. ಅದನ್ನ ಪೇಪರ್ ಮೇಲೆ ಉಳಿದ ಚೂರಿನ ಪಕ್ಕ ಇಟ್ಟಾಗ ಬೋಲ್ಟು ಪೂರ್ತಿ ಆಯ್ತು, ಭಾವನ್ನ ಕರೆದು ತೋರಿಸಿದೆ, ಆಮೇಲೆ ಅವ್ರು ಶನಿವಾರದ ಮಾತು ಎತ್ತಲಿಲ್ಲ.

ಕೇಸ್ ಬಿಚ್ಚಿದಾಗಲೇ ಕ್ರ್ಯಾಂಕ್ ಚೆಕ್ ಮಾಡ್ರಿ. ಬೇರಿಂಗ್ ಕೈಯಲ್ಲಿ ತಿರುಗಿಸಿದ್ರೆ ಗರಗರ ಅನ್ನಬಾರದು, ಕನೆಕ್ಟಿಂಗ್ ರಾಡ್ ಮೇಲೆ ಕೆಳಗೆ ಆಟ ಇರಬಾರದು, ಪಕ್ಕಕ್ಕೆ ಸ್ವಲ್ಪ ಇರ್ತತಿ, ಅದು ತಪ್ಪಲ್ಲ. ಕ್ರ್ಯಾಂಕ್ ಸೀಲ್ ಹೊಸದೇ ಹಾಕ್ರಿ, ಇಷ್ಟು ಬಿಚ್ಚಿ ಹಳೇ ಸೀಲ್ ವಾಪಸ್ ಹಾಕೋದು ನನಗೆ ಸರಿ ಅನ್ಸಲ್ಲ.

ಬ್ಲಾಕ್ ವಿಷಯ. 701ರ ಬೋರ್, ಅಂದ್ರೆ ಸಿಲಿಂಡರ್ ತೂತಿನ ಅಗಲ, 81 ಎಂಎಂ, ಒಳಗೆ ಕಬ್ಬಿಣದ ಸ್ಲೀವ್, ಹಂಗಾಗಿ ಬೋರ್ ಹೊಡೆಸಬಹುದು. ಉಗುರು ಆಡಿಸಿ ನೋಡ್ರಿ, ಗೀರಿಗೆ ಉಗುರು ಸಿಗಾಕ್ಕೊಂಡ್ರೆ ಬೋರಿಂಗೇ ಗತಿ, ಬರೀ ಅಲ್ಯೂಮಿನಿಯಂ ಮೆತ್ತಿಕೊಂಡಿದ್ರೆ ಅದನ್ನ ತೆಗೆದು ಹೋನಿಂಗ್, ಅಂದ್ರೆ ಕಲ್ಲಿಂದ ಒಳಮೈ ಉಜ್ಜೋದು, ಮಾಡಿದ್ರೆ ಆಗ್ತತಿ. ನಮ್ಮದು 0.50 ಎಂಎಂ ಓವರ್‌ಸೈಜಿಗೆ ಹೋಯ್ತು, ಎರಡೂ ಸಿಲಿಂಡರ್ ಒಟ್ಟಿಗೆ. ನಮ್ಮೂರಾಗೆ ಲೇತ್ ಕೆಲಸಕ್ಕೆ ಏನೂ ಕೊರತೆ ಇಲ್ಲ, ಪಕ್ಕದ ಹರಿಹರದಾಗೆ ಮೈಸೂರು ಕಿರ್ಲೋಸ್ಕರ್‌ನೋರು ಲೇತೇ ತಯಾರು ಮಾಡ್ತಿದ್ರು, ಫ್ಯಾಕ್ಟರಿ ಮುಚ್ಚಿದ್ರೂ ಆ ಕೆಲಸ ಕಲಿತ ಕೈಗಳು ಈ ಕಡೆ ಇನ್ನೂ ಇದಾವೆ. ಆದ್ರೆ ಬೋರ್ ಹೊಡೆಯೋರಿಗೆ ಪಿಸ್ಟನ್ ಕೈಗೆ ಕೊಟ್ಟು, ಪಿಸ್ಟನ್ ಕಿಟ್ ಪೇಪರಲ್ಲಿ ಬರೆದಿರೋ ಕ್ಲಿಯರೆನ್ಸ್ ತೋರಿಸಿನೇ ಬೋರ್ ಹೊಡೆಸ್ರಿ. ಇನ್ನೊಂದು, ಬೋರ್ ಆದ್ಮೇಲೆ ಪೋರ್ಟ್ ಅಂಚುಗಳು ಬ್ಲೇಡ್ ತರ ಹರಿತ ಆಗಿರ್ತಾವೆ, ಅದನ್ನ ಸಣ್ಣ ಅರದಿಂದ ಮೆಲ್ಲಗೆ ಉಜ್ಜಿ ಇಳಿಜಾರು ಮಾಡ್ಲೇಬೇಕು, ಇಲ್ಲಾಂದ್ರೆ ಹೊಸ ರಿಂಗ್ ಪೋರ್ಟಿಗೆ ಸಿಗಾಕ್ಕೊಂಡು ಮುರೀತತಿ. ಫೋರ್ ಸ್ಟ್ರೋಕ್ ಬ್ಲಾಕ್ ಮಾಡಿ ರೂಢಿ ಇರೋರು ಇದನ್ನ ಮರೀತಾರೆ. ಕೊನೆಗೆ ಬಿಸಿ ನೀರು ಸೋಪು ಹಾಕಿ ತೊಳೆದು ಬಿಳಿ ಬಟ್ಟೇಲಿ ಒರೆಸ್ರಿ, ಬಟ್ಟೆ ಕಪ್ಪಾಗೋದು ನಿಲ್ಲೋವರೆಗೂ, ಒಣಗಿದ ಕೂಡ್ಲೇ ಎಣ್ಣೆ ಹಚ್ರಿ.

ಹೆಡ್‌ನಾಗೆ ಬಿದ್ದ ಗುಳಿ ಆಳ ಇಲ್ಲಾಂದ್ರೆ ಎದ್ದಿರೋ ಚೂಪು ತುದಿಗಳನ್ನ ಮಾತ್ರ ಉಜ್ಜಿ ನುಣ್ಣಗೆ ಮಾಡ್ರಿ. ಆ ತುದಿ ಬಿಟ್ರೆ ಅದು ಕೆಂಡ ಆಗಿ, ಪ್ಲಗ್ ಕಿಡಿ ಬರೋಕೆ ಮುಂಚೇನೇ ಪೆಟ್ರೋಲ್ ಹೊತ್ಕೊಂಡು ಪಿಸ್ಟನ್ ತೂತು ಬೀಳ್ತತಿ. ಆಳ ಇದ್ರೆ ಬೇರೆ ಹೆಡ್ ಹುಡುಕ್ರಿ.

ಜೋಡಿಸೋವಾಗ ಪಿಸ್ಟನ್ ಬಾಣದ ಗುರುತು ಎಕ್ಸಾಸ್ಟ್ ಕಡೆ, ರಿಂಗ್ ಬಾಯಿ ಪಿಸ್ಟನ್ನಿನ ರಿಂಗ್ ಕೂರೋ ಗಾಡೀಲಿರೋ ಸಣ್ಣ ಪಿನ್ ಮೇಲೆ, ಸರ್‌ಕ್ಲಿಪ್ ಹೊಸದು. ಕ್ಲಿಪ್ ಹಾಕೋವಾಗ ಕೇಸ್ ಬಾಯಿಗೆ ಬಟ್ಟೆ ತುರುಕಿ ಇಡ್ರಿ, ಇಷ್ಟು ಕಷ್ಟಪಟ್ಟು ಒಂದು ತುಂಡು ಹೊರಗೆ ತೆಗೆದು ಇನ್ನೊಂದು ಒಳಗೆ ಬೀಳಿಸಬಾರದು. ಹೆಡ್ ಬೋಲ್ಟ್ ಮಧ್ಯದಿಂದ ಶುರು ಮಾಡಿ ಎದುರು ಬದುರು, ಎರಡು ಮೂರು ಹಂತದಾಗೆ, ಟಾರ್ಕ್ ರೆಂಚಲ್ಲಿ, ಮ್ಯಾನ್ಯುಯಲ್ ಲೆಕ್ಕಕ್ಕೆ.

ಈಗ ಆ ಬೋಲ್ಟ್ ಜಾಗಕ್ಕೆ ಬರೋಣ. ಥ್ರೆಡ್ ಒಳಗಿನ ಎಣ್ಣೆ ಜಿಡ್ಡು ಅಸಿಟೋನ್ ಹಾಕಿ ಪೂರ್ತಿ ತೆಗೀರಿ, ಜಿಡ್ಡು ಇದ್ರೆ ಲಾಕ್‌ಟೈಟ್ ಹಿಡಿಯಲ್ಲ. ನೀಲಿ ಬಣ್ಣದ್ದು, 243, ಒಂದು ಹನಿ ಸಾಕು. ಕೆಂಪು ಹಾಕಬೇಡ್ರಿ, ಮುಂದಿನ ಸಲ ಬಿಚ್ಚೋಕೆ ಹೋದ್ರೆ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ಕೊಂಡು ಬರ್ತತಿ. ಥ್ರೆಡ್ ಆಗ್ಲೇ ಹೋಗಿದ್ರೆ ಹೆಲಿಕಾಯಿಲ್, ಅಂದ್ರೆ ಹೊಸ ಥ್ರೆಡ್ ಕೊಡೋ ತಂತಿ ಸುರುಳಿ, ಹಾಕ್ಸ್ರಿ, ದಪ್ಪ ಬೋಲ್ಟ್ ಬಡಿದು ಕೂರಿಸೋದು ಬೇಡ. ಒಂದೇ ಬೋಲ್ಟಿಗಲ್ಲ, ಗಾಳಿ ಹೋಗೋ ದಾರೀಲಿ ಇರೋ ಪ್ರತಿ ಬೋಲ್ಟಿಗೂ ಹಾಕಿ, ತಲೆಯಿಂದ ಪ್ಲೇಟಿಗೆ ಸೇರಿಸಿ ಹಳದಿ ಪೇಂಟಲ್ಲಿ ಗೆರೆ ಎಳೀರಿ, ಬೋಲ್ಟ್ ಸ್ವಲ್ಪ ತಿರುಗಿದ್ರೂ ಗೆರೆ ಮುರಿದಿರೋದು ಕಾಣ್ತತಿ.

ಯಾಕೆ ಸಡಿಲ ಆಯ್ತು ಅನ್ನೋದಕ್ಕೆ ಲಾಕ್‌ಟೈಟ್ ಇಲ್ಲದ್ದು ಒಂದೇ ಕಾರಣ ಅಲ್ಲ. ಎಂಜಿನ್ ವಾಪಸ್ ಕೂರಿಸೋವಾಗ ನೋಡಿದ್ರೆ ಒಂದು ಎಂಜಿನ್ ಮೌಂಟಿನ ರಬ್ಬರ್ ಲೋಹದಿಂದ ಬಿಟ್ಕೊಂಡಿತ್ತು, ಎಂಜಿನ್ನಿಗೂ ಪಂಪಿನ ಶಾಫ್ಟಿಗೂ ಸೇರಿಸೋ ಕಪ್ಲರ್ ಮಧ್ಯದ ರಬ್ಬರೂ ಸವೆದಿತ್ತು. ನಡುಕ ಅಲ್ಲಿಂದಾನೇ. ಎರಡೂ ಬದಲಾಯಿಸಿ, ಎರಡು ಕಪ್ಲರ್ ಮೇಲೆ ನೇರ ಸ್ಕೇಲ್ ಇಟ್ಟು, ಮೇಲೂ ಪಕ್ಕಕ್ಕೂ ಸಂದು ಕಾಣದಂಗೆ ಮೌಂಟ್ ಕೆಳಗೆ ಶಿಮ್, ಅಂದ್ರೆ ತೆಳು ತಗಡು, ಹಾಕಿ ಕೂರಿಸಿದ್ವಿ.

ಸ್ಟಾರ್ಟ್ ಮಾಡೋಕೆ ಮುಂಚೆ ಲೀಕ್ ಟೆಸ್ಟ್. ಇನ್‌ಟೇಕ್, ಎಕ್ಸಾಸ್ಟ್ ಎರಡೂ ರಬ್ಬರ್ ಶೀಟ್ ಇಟ್ಟು ಮುಚ್ಚಿ, ಕೇಸಿಂದ ಪೆಟ್ರೋಲ್ ಪಂಪಿಗೆ ಹೋಗೋ ಸಣ್ಣ ಪೈಪಿನ ಜಾಗಕ್ಕೆ ಹಳೇ ಬಿಪಿ ಮೆಷಿನ್ ಬಲ್ಬು, ಮೀಟರ್ ಜೋಡಿಸಿದೆ. ಬಿಪಿ ಮೀಟರಲ್ಲಿ 250ಕ್ಕೆ ಏರಿಸಿದ್ರೆ ಹತ್ರ ಹತ್ರ 5 ಪಿಎಸ್ಐ. ಮುಳ್ಳು ಕೆಲವು ನಿಮಿಷ ಹಂಗೇ ನಿಲ್ಲಬೇಕು, ಇಳೀತು ಅಂದ್ರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಬರ್ತತಿ ನೋಡ್ರಿ. ಎಲ್ಲಿಂದಾದ್ರೂ ಗಾಳಿ ಎಳಕೊಂಡ್ರೆ ಮಿಕ್ಚರ್ ತೆಳುವಾಗಿ ಹೊಸ ಪಿಸ್ಟನ್ ಸೀಜ್ ಆಗ್ತತಿ.

ಟೆಸ್ಟಿಗೆ ಸೂಳೆಕೆರೆಗೆ ಒಯ್ಯೋಣ ಅಂದ್ರು ಹುಡುಗ್ರು. ಬೇಡ ಅಂದೆ, ಚಿತ್ರದುರ್ಗದ ಜನ ಕುಡಿಯೋ ನೀರು ಅದು, ಎಣ್ಣೆ ಬೆರೆತ ಹೊಗೆ ಬಿಡೋ ಗಾಡಿ ಅಲ್ಲಿಗೆ ಇಳಿಸಬಾರದು. ಮನೆ ಮುಂದೇನೇ ನೀರಿನ ಪೈಪ್ ಹಾಕಿ ನೋಡಿದ್ವಿ. ಇಲ್ಲಿ ಕ್ರಮ ತಪ್ಪಬಾರದು: ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನೀರು. ನಿಲ್ಲಿಸೋವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್. ಎಂಜಿನ್ ಓಡದೇ ನೀರು ಬಿಟ್ರೆ ಎಕ್ಸಾಸ್ಟಲ್ಲಿ ತುಂಬಿ ಸಿಲಿಂಡರಿಗೇ ವಾಪಸ್ ಬರ್ತತಿ. ನೀರಿಲ್ಲದೆ ಹದಿನೈದು ಸೆಕೆಂಡಿಗಿಂತ ಜಾಸ್ತಿ ಬೇಡ. ಎಣ್ಣೆ ಟಿಸಿ-ಡಬ್ಲ್ಯೂ3 ಅಂತ ಬರೆದಿರೋದು, ಬೈಕಿನ 2ಟಿ ಅಲ್ಲ. ಮೊದಲ ಟ್ಯಾಂಕಿಗೆ ಪೆಟ್ರೋಲ್ ಲೀಟರಿಗೆ 40 ಎಂಎಲ್, ಆಮೇಲೆ 20. ಒಂದೆರಡು ನಿಮಿಷ ಐಡಲ್ ಓಡಿಸಿ ಪೂರ್ತಿ ತಣ್ಣಗಾಗೋಕೆ ಬಿಟ್ವಿ, ಹಿಂಗೆ ಮೂರು ಸಲ. ತಣ್ಣಗಾದ್ಮೇಲೆ ಹೆಡ್ ಟಾರ್ಕ್ ಇನ್ನೊಂದ್ಸಲ ನೋಡಿ, ಕಂಪ್ರೆಶನ್ ಗೇಜ್ ಹಾಕಿದ್ರೆ ಎರಡೂ ಸಿಲಿಂಡರ್ ಹೆಚ್ಚು ಕಡಿಮೆ ಸಮ, ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ಎಲ್ಲೋ ತಪ್ಪಾಗೈತಿ ಅಂತ.

ಇದೆಲ್ಲಾ ಟೂ ಸ್ಟ್ರೋಕಿಗೆ. ಈಗಿನ ಫೋರ್ ಸ್ಟ್ರೋಕ್ ಗಾಡೀಲಿ ಬೋಲ್ಟ್ ಒಳಗೆ ಹೋದ್ರೆ ವಾಲ್ವ್ ಬೆಂಡ್ ಆಗ್ತತಿ, ಸೂಪರ್‌ಚಾರ್ಜರ್ ಇದ್ರೆ ಅದರ ರೆಕ್ಕೇನೂ ಹೋಗ್ತತಿ, ಅದಕ್ಕೆ ಹೆಡ್ ಕೆಲಸ ಗೊತ್ತಿರೋರ ಹತ್ರಾನೇ ಹೋಗ್ರಿ.

ಗಾಡಿ ಮಲ್ಪೆಗೆ ಹೋಗಿ ಮೊದಲ ಟ್ಯಾಂಕ್ ಮುಗಿದ ದಿನ ಭಾವ ಹುಡ್, ಜಾಲರಿ ತೆಗೆದು ಫೋಟೋ ಕಳಿಸಿದ್ರು, ಹಳದಿ ಗೆರೆ ನಾಲ್ಕೂ ನೆಟ್ಟಗಿದ್ವು. ಇನ್ನು ಪ್ರತಿ ತಿಂಗಳು ಒಂದು ಫೋಟೋ ಕಳಿಸಿ ಅಂತ ಹೇಳಿದೀನಿ.