ಪೋರ್ತಾ ಪಲಾತ್ಸೋದಲ್ಲಿ ನನ್ನ ಶನಿವಾರದ ಸಂತೆ

ಇಟಲಿಗೆ ಓದೋಕೆ ಬರೋ ನಮ್ಮ ಹುಡುಗ್ರು ಮೊದಲ್ನೇ ವಾರ ಕೇಳೋದು ಒಂದೇ, "ಅಣ್ಣಾ, ಇಲ್ಲಿ ಇಂಡಿಯನ್ ಸ್ಟೋರ್ ಎಲ್ಲಿದೆ?" ನಾನೂ ಬಂದಾಗ ಅದನ್ನೇ ಕೇಳಿದ್ದೆ. ತೊರೀನೋ, ಅಂದ್ರೆ ನಾವು ಟ್ಯೂರಿನ್ ಅಂತೀವಲ್ಲ ಆ ಊರು, ಅಲ್ಲಿಗೆ ಮಾಸ್ಟರ್ಸ್ ಮಾಡೋಕೆ ಬಂದು ಆಮೇಲೆ ಕೆಲ್ಸ ಸಿಕ್ಕಿ ಇಲ್ಲೇ ಉಳ್ಕೊಂಡೋನು ನಾನು, ಊರು ದಾವಣಗೆರೆ. ಈಗ ಯಾರಾದ್ರೂ ಕೇಳಿದ್ರೆ ಸ್ಟೋರ್ ಗೀರ್ ಆಮೇಲೆ ನೋಡೋಣ, ಶನಿವಾರ ಬೆಳಿಗ್ಗೆ ಎರಡು ಬಟ್ಟೆ ಚೀಲ ಹಿಡ್ಕೊಂಡು ಪೋರ್ತಾ ಪಲಾತ್ಸೋಗೆ ಬಾ ಅಂತೀನಿ.

ಮ್ಯಾಪಲ್ಲಿ ಹುಡುಕೋದಾದ್ರೆ ಪಿಯಾತ್ಸಾ ದೆಲ್ಲಾ ರೆಪುಬ್ಲಿಕಾ ಅಂತ ಇರುತ್ತೆ, ಆದ್ರೆ ಊರಲ್ಲಿ ಯಾರೂ ಹಂಗನ್ನಲ್ಲ. ಎಂಟು ಮೂಲೆ ಇರೋ ದೊಡ್ಡ ಚೌಕ, ಮಧ್ಯದಲ್ಲಿ ನಾಲ್ಕನೇ ನಂಬರ್ ಟ್ರಾಮ್ ಹೋಗುತ್ತೆ, ಪೋರ್ತಾ ನೂವಾ ಸ್ಟೇಷನ್ನಿಂದ ಅದೇ ಹತ್ತಿದ್ರೆ ಸಾಕು. ಯುರೋಪಿನ ಅತಿ ದೊಡ್ಡ ಬಯಲು ಮಾರ್ಕೆಟ್‌ಗಳಲ್ಲಿ ಒಂದು ಇದು. ವಾರದ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲ ಕಿತ್ಕೊಂಡು ಹೋಗಿರ್ತಾರೆ, ಶನಿವಾರ ಮಾತ್ರ ಸಂಜೆವರೆಗೂ ಇರುತ್ತೆ, ಭಾನುವಾರ ರಜ. ಬ್ಯಾಗ್ ಮುಂದೆ ಹಾಕ್ಕೊಳ್ಳಿ, ಮೊಬೈಲ್ ಹಿಂದಿನ ಜೇಬಲ್ಲಿ ಇಡ್ಬೇಡಿ. ಬೆಂಗ್ಳೂರಲ್ಲಿ ಕೆ ಆರ್ ಮಾರ್ಕೆಟ್ಟಿಗೆ ಹೋದವ್ರಿಗೆ ಇದನ್ನ ಹೇಳಿಕೊಡೋದು ಬೇಕಿಲ್ಲ.

ನಾನು ಮೊದ್ಲು ಹೋಗೋದು ಹೊರಗಿನ ಅಂಗಡಿಗಳಿಗಲ್ಲ. ಗಡಿಯಾರ ಇರೋ ಒಂದು ಕಬ್ಬಿಣದ ದೊಡ್ಡ ಮಾರ್ಕೆಟ್ ಕಟ್ಟಡ ಇದೆ, 1916ರದ್ದು, ಅದರ ಹಿಂದ್ಗಡೆ ಇನ್ನೊಂದು ಸೂರು, ಅಲ್ಲಿ ಕೂರೋರು ಪಿಯೆಮೊಂತೆಯ, ಅಂದ್ರೆ ತೊರೀನೋ ಇರೋ ಪ್ರಾಂತ್ಯದ, ಸುತ್ತಲಿನ ಹಳ್ಳಿಗಳ ರೈತರೇ, ತಾವು ಬೆಳೆದಿದ್ದನ್ನೇ ತಂದು ಮಾರ್ತಾರೆ. ಹೊರಗೆ ಟೊಮ್ಯಾಟೊ ವರ್ಷಪೂರ್ತಿ ಸಿಗುತ್ತೆ, ಇಲ್ಲಿ ಆಯಾ ಕಾಲಕ್ಕೆ ಏನ್ ಬರುತ್ತೋ ಅದೇ. ಚಳಿಗಾಲದಲ್ಲಿ ಗಡ್ಡೆ, ಕೋಸು, ಥರಾವರಿ ಸೊಪ್ಪು. ಆಗಸ್ಟ್ ಕೊನೆಗೆ ಬಂದ್ರೆ ಕಾರ್ಮಾನ್ಯೋಲಾ ಊರಿನ ಡೊಣ್ಣೆಮೆಣಸಿನಕಾಯಿ, ಒಂದೊಂದು ನನ್ನ ಮುಷ್ಟಿಗಿಂತ ದಪ್ಪ, ಹಳದಿ ಕೆಂಪು, ಒಂದು ತಗೊಂಡ್ರೆ ಇಬ್ರಿಗೆ ಪಲ್ಯ ಆಗುತ್ತೆ. ಬಿಯೇತೋಲೆ ಅಂತ ಒಂದು ಸೊಪ್ಪು ಬರುತ್ತೆ, ದಪ್ಪ ದಂಟು, ಬೀಟ್ರೂಟ್ ಸೊಪ್ಪಿನ ಜಾತಿ, ಬೇಳೆ ಜೊತೆ ಬೇಯಿಸಿ ಬಸ್ಸಾರು ಮಾಡಿದ್ರೆ ಅಮ್ಮ ವಿಡಿಯೋ ಕಾಲಲ್ಲಿ ನೋಡಿ ಇದ್ಯಾವ್ ಸೊಪ್ಪೋ ಅಂದ್ರು.

ಒಂದ್ ಮಾತು, ತರಕಾರಿ ಕೈಯಲ್ಲಿ ಮುಟ್ಟಿ ಹಿಚುಕಿ ನೋಡೋ ನಮ್ಮ ಅಭ್ಯಾಸ ಇಲ್ಲಿ ನಡೆಯಲ್ಲ. ಬೆರಳು ತೋರಿಸಿ, ಅವ್ರೇ ಆರಿಸಿ ಹಾಕ್ತಾರೆ. ಮೊದಲ ತಿಂಗಳು ಬೈಸ್ಕೊಂಡೆ. ಆಮೇಲೆ ಗೊತ್ತಾಯ್ತು, ಯಾವಾಗ ತಿಂತೀರ ಅಂತ ಅವ್ರೇ ಕೇಳ್ತಾರೆ, ಇವತ್ತೇ ಅಂದ್ರೆ ಹಣ್ಣಾಗಿದ್ದು, ಬುಧವಾರ ಅಂದ್ರೆ ಗಟ್ಟಿ ಇರೋದು ಕೊಡ್ತಾರೆ.

ನಾನು ತಿಂದ ದೊಡ್ಡ ಪೆಟ್ಟು ಅಂದ್ರೆ ಚೀಸ್ ಅಂಗಡಿದು. ಬೋರ್ಡಲ್ಲಿ 1,90 ಅಂತ ಬರೆದಿತ್ತು, ಇಲ್ಲಿ ಪಾಯಿಂಟ್ ಜಾಗಕ್ಕೆ ಕಾಮಾ ಹಾಕ್ತಾರೆ, ಅದು ಗೊತ್ತಿತ್ತು, ಅಬ್ಬಾ ಎಷ್ಟು ಚೀಪು ಅಂತ ತೋಮಾ ಚೀಸು ಅರ್ಧ ಕೇಜಿ ಕೊಡಿ ಅಂದೆ, ಮನಸ್ಸಲ್ಲಿ ಒಂದು ಯೂರೋ ಲೆಕ್ಕ ಹಾಕ್ಕೊಂಡು ಚಿಲ್ಲರೆ ಹಿಡ್ಕೊಂಡು ನಿಂತಿದ್ದೀನಿ, ಬಿಲ್ಲು ಒಂಬತ್ತೂವರೆ. ಬೆಲೆ ಪಕ್ಕ ಸಣ್ಣಕ್ಕೆ ಎತ್ತೋ ಅಂತ ಬರೆದಿತ್ತು. ಎತ್ತೋ ಅಂದ್ರೆ ನೂರು ಗ್ರಾಮು! ಹಿಂದೆ ಐದಾರು ಜನ ಕ್ಯೂ, ಬೇಡ ಅನ್ನೋಕೆ ಭಾಷೆ ಬರಲ್ಲ, ಕೊಟ್ಟು ಬಂದೆ. ಆ ವಾರ ಚಪಾತಿಗೆ ಚೀಸು, ಅನ್ನಕ್ಕೆ ಚೀಸು. ಚೀಸು, ಆಲಿವ್, ಒಣಹಣ್ಣು ಇವೆಲ್ಲ ಎತ್ತೋ ಲೆಕ್ಕದಲ್ಲೇ ಇರುತ್ತೆ, ನೋಡ್ಕೊಂಡು ಕೇಳಿ. ಇನ್ನು ನಮ್ಮಲ್ಲಿ ಕಟ್ಟುನಿಟ್ಟಾಗಿ ಸಸ್ಯಾಹಾರಿ ಇರೋರಿಗೆ, ಪಾರ್ಮೆಸಾನ್ ಚೀಸ್ ಮಾಡೋಕೆ ಕರುವಿನ ಹೊಟ್ಟೆಯ ರೆನ್ನೆಟ್, ಅಂದ್ರೆ ಹಾಲು ಒಡೆಸೋ ಹೆಪ್ಪು, ಹಾಕ್ತಾರೆ, ಕಾಲ್ಯೋ ವೆಜೆತಾಲೆ, ಅಂದ್ರೆ ಗಿಡಮೂಲದ ಹೆಪ್ಪು, ಅಂತ ಕೇಳಿದ್ರೆ ಬೇರೆ ಚೀಸ್ ತೋರಿಸ್ತಾರೆ.

ಹತ್ತೂವರೆಗೆ ಕಾಫಿ. ಯಾವ್ದಾದ್ರೂ ಬಾರ್‌ಗೆ ಹೋಗಿ, ಬಾರ್ ಅಂದ್ರೆ ಇಲ್ಲಿ ಕಾಫಿ ಅಂಗಡಿ, ಊರಿಗೆ ಫೋನ್ ಮಾಡಿ ಬಾರ್‌ನಲ್ಲಿದ್ದೀನಿ ಅಂದು ನಾನು ಅನುಭವಿಸಿದ್ದು ಸಾಕು. ಕೌಂಟರ್ ಹತ್ರ ನಿಂತು ಕುಡಿದ್ರೆ ಅಗ್ಗ, ಕೂತ್ರೆ ಕೆಲವು ಕಡೆ ಜಾಸ್ತಿ.

ಅಲ್ಲಿಂದ ಬೋರ್ಗೋ ದೋರಾ ಗಲ್ಲಿಗಳಿಗೆ. ಶನಿವಾರ ಅಲ್ಲಿ ಬಲೋನ್ ಅಂತ ಹಳೇ ಸಾಮಾನಿನ ಸಂತೆ, ತಿಂಗಳ ಎರಡನೇ ಭಾನುವಾರ ಇನ್ನೂ ದೊಡ್ಡದು. ಹಳೇ ಕುರ್ಚಿ, ಗಡಿಯಾರ, ಯಾರದೋ ಮದ್ವೆ ಫೋಟೋ, ಬಾಗಿಲ ಚಿಲಕ, ಏನುಂಟು ಏನಿಲ್ಲ. ನನ್ನ ಅಡುಗೆಮನೆ ಅರ್ಧ ಅಲ್ಲಿಂದಾನೇ ಬಂದಿದ್ದು. ಅಲ್ಯೂಮಿನಿಯಂ ಮೋಕಾ ಪಾಟು ಮೂರು ಯೂರೋಗೆ ತಗೊಂಡೆ, ರಬ್ಬರ್ ರಿಂಗ್ ಹೋಗಿತ್ತು, ಹಾರ್ಡ್‌ವೇರ್ ಅಂಗಡೀಲಿ ಹೊಸ ರಿಂಗ್ ಹಾಕಿಸ್ದೆ, ಈಗ ಅದರಲ್ಲೇ ಡಿಕಾಕ್ಷನ್, ಹಾಲು ಬೇರೆ ಕಾಯಿಸಿ ಬೆರೆಸಿದ್ರೆ ಮನೆ ಕಾಫಿಗೆ ಹತ್ತಿರ ಬರುತ್ತೆ. ಕುಕ್ಕರೂ ಅಲ್ಲೇ ಸಿಕ್ತು, ಸ್ಟೀಲು, ಭಾರಿ ಗಟ್ಟಿ. ಮನೆಗೆ ತಂದು ಬೇಳೆ ಇಟ್ಟು ವಿಷಲ್‌ಗೆ ಕಾಯ್ತಾ ಕೂತೆ ಕೂತೆ, ವಿಷಲ್ಲೇ ಇಲ್ಲ. ಇಲ್ಲಿನ ಕುಕ್ಕರು ಕೂಗಲ್ಲ, ಸುಯ್ ಅಂತ ಒಂದೇ ಸಮ ಆವಿ ಬಿಡುತ್ತೆ, ಆವತ್ತಿಂದ ನಿಮಿಷ ಎಣಿಸಬೇಕು. ಅಮ್ಮಂಗೆ ಫೋನ್ ಮಾಡಿದ್ರೆ "ಮೂರು ಕೂಗು ಅಂದ್ರೆ ಎಷ್ಟು ನಿಮಿಷನೋ ನಂಗೇನ್ ಗೊತ್ತೋ" ಅಂದ್ರು. ತೊಗರಿಬೇಳೆಗೆ ಆವಿ ಶುರುವಾದ್ಮೇಲೆ ಹತ್ತು ನಿಮಿಷ, ನನ್ನ ಲೆಕ್ಕ ಇದು.

ಮಧ್ಯಾಹ್ನ ಹೊಟ್ಟೆಗೆ ಫರಿನಾತಾ. ಕಡ್ಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟೇ, ದೊಡ್ಡ ತಾಮ್ರದ ತಟ್ಟೇಲಿ ಹುಯ್ದು ಬೆಂಕಿ ಒಲೆಗೆ ತಳ್ತಾರೆ, ಮೇಲೆ ಗರಿ ಒಳಗೆ ಮೆತ್ತಗೆ, ಮೇಲೆ ಮೆಣಸಿನಪುಡಿ, ಅಂದ್ರೆ ಕಾಳುಮೆಣಸು. ಮೂಲ ಲಿಗೂರಿಯಾ ಕರಾವಳಿದು, ಆದ್ರೆ ತೊರೀನೋದ ಹಳೇ ಪಿಜ್ಜಾ ಅಂಗಡಿಗಳಲ್ಲಿ ಸಣ್ಣ ಬಾಣಲೇಲಿ ಮಾಡೋ ದಪ್ಪ ಪಿಜ್ಜಾ ಜೊತೆ ಇದೂ ಇರುತ್ತೆ. ಮೊದಲ ತುತ್ತಿಗೇ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿದ್ರೆ ನಮ್ದೇ ಅಲ್ವೇನೋ ಅನ್ನಿಸ್ತು. ಪಿಯೆಮೊಂತೆಯವರ ಊಟದಲ್ಲಿ ಸಸ್ಯಾಹಾರಿಗೆ ಜಾಗ ಕಮ್ಮಿ, ಅನ್ಯೋಲೊತ್ತಿ ಅಂತ ಮುದ್ದಾಗಿ ಚಿವುಟಿ ಮುಚ್ಚಿದ ಪಾಸ್ತಾ ಒಳಗೂ ಸಾಮಾನ್ಯವಾಗಿ ಮಾಂಸ ಇರುತ್ತೆ. ಒಂದ್ಸಲ ಒಂದು ಹೋಟೆಲಲ್ಲಿ ಡೊಣ್ಣೆಮೆಣಸಿನಕಾಯಿ ಮೇಲೆ ಬೆಳ್ಳುಳ್ಳಿ ಚಟ್ನಿ ಥರ ಏನೋ ಹಾಕಿ ಕೊಟ್ರು, ಎಷ್ಟು ಚೆನ್ನಾಗಿದೆ ಅಂತ ಬ್ರೆಡ್ಡಲ್ಲಿ ಒರೆಸ್ಕೊಂಡು ತಿಂದು ಮುಗಿಸಿ ಹೆಸರು ಕೇಳಿದೆ, ಬಾನ್ಯಾ ಕೌಡಾ. ಬೆಳ್ಳುಳ್ಳಿ, ಎಣ್ಣೆ, ಮತ್ತೆ ಅಚ್ಚೂಗೆ. ಅಚ್ಚೂಗೆ ಅಂದ್ರೆ ಸಣ್ಣ ಮೀನು, ಕರಗಿ ಹೋಗಿರುತ್ತೆ, ಕಣ್ಣಿಗೆ ಕಾಣಲ್ಲ. ಅದಾದ್ಮೇಲೆ ಎಲ್ಲಿ ಹೋದ್ರೂ ಬಾಯಿಪಾಠ: ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ಅಚ್ಚೂಗೆ. ಮಾಂಸ ಬೇಡ, ಮೀನು ಬೇಡ, ಆ ಸಣ್ಣ ಮೀನೂ ಬೇಡ.

ಮೆರ್ಕಾತೋ ಚೆಂತ್ರಾಲೆ ಅಂತ ಹೊಸ ಕಟ್ಟಡ ಅದೇ ಚೌಕದಲ್ಲಿ 2019ರಲ್ಲಿ ಶುರುವಾಯ್ತು, ಒಳಗೆಲ್ಲ ತಿಂಡಿ ಅಂಗಡಿ, ನೆಂಟರು ಬಂದಾಗ ಕರ್ಕೊಂಡು ಹೋಗೋಕೆ ಚೆಂದ, ಕೆಳಗೆ ಹಳೇ ಕಾಲದ ಐಸ್ ಸಂಗ್ರಹಿಸ್ತಿದ್ದ ನೆಲಮಾಳಿಗೆ ನೋಡ್ಬಹುದು. ದುಡ್ಡು ಜಾಸ್ತಿ, ನಾನು ವಾರ ವಾರ ಹೋಗಲ್ಲ. ನೆಂಟರು ಬಂದ್ರೆ ಇನ್ನೊಂದು ಜಾಗ, ಕನ್ಸೊಲಾತಾ ಚರ್ಚ್ ಎದುರಿಗಿರೋ ಅಲ್ ಬಿಚೆರೀನ್, 1763ರಿಂದ ಇದೆ. ಪುಟ್ಟ ಅಂಗಡಿ, ಸಣ್ಣ ಸಣ್ಣ ಮೇಜು. ಗಾಜಿನ ಲೋಟದಲ್ಲಿ ಕಾಫಿ, ಬಿಸಿ ಚಾಕೊಲೇಟು, ಮೇಲೆ ಕೆನೆ, ಕಲಕಬಾರದು, ಹಂಗೇ ಕುಡೀಬೇಕು. ಲೋಟ ಬಟ್ಲಲ್ಲಿ ಎತ್ತಿ ಎತ್ತಿ ಹುಯ್ಕೊಂಡು ಬೆಳೆದಿರೋ ನಮ್ಮಪ್ಪ ಬಂದಿದ್ದಾಗ ಸ್ಪೂನ್ ಕಡೆ ಕೈ ಹೋಗೋದು, ನಾನು ತಡೆಯೋದು.

ಕೊನೆಗೆ ಕೋರ್ಸೋ ಜೂಲಿಯೋ ಚೆಸರೆ ರಸ್ತೆ ಕಡೆ ಬಾಂಗ್ಲಾದೇಶದವರ ಅಂಗಡಿ. ಬೇಳೆ, ಹಸಿಮೆಣಸಿನಕಾಯಿ, ಬೆಂಡೆಕಾಯಿ, ಮತ್ತೆ ಮುಖ್ಯವಾಗಿ ಮುರಿ. ಬಂಗಾಳಿಯಲ್ಲಿ ಮುರಿ ಅಂದ್ರೆ ನಮ್ಮ ಮಂಡಕ್ಕಿ! ಕೊತ್ತಂಬರಿ, ಪುದೀನ ಮಾತ್ರ ಚೌಕದಲ್ಲೇ ಮೊರಾಕೊದವರ ಹತ್ರ ತಗೋತೀನಿ, ಕಟ್ಟು ದೊಡ್ಡದು ಕೊಡ್ತಾರೆ. ದಾವಣಗೆರೆಯೋನಿಗೆ ಮಂಡಕ್ಕಿ ಸಿಕ್ಮೇಲೆ ಮೆಣಸಿನಕಾಯಿ ಬೇಕಲ್ಲ, ಅದಕ್ಕೆ ಫ್ರಿಜ್ಜಿತೆಲ್ಲಿ ಅಂತ ಉದ್ದನೆ ಹಸಿರು ಮೆಣಸಿನಕಾಯಿ ಬೇಸಿಗೇಲಿ ಬರುತ್ತೆ, ಖಾರ ಇಲ್ಲವೇ ಇಲ್ಲ ಅನ್ನಿ, ಸೀಳಿ ಒಳಗೆ ಖಾರದಪುಡಿ, ಉಪ್ಪು, ಹುಣಸೆಹಣ್ಣು ಸವರಿ ಬಜ್ಜಿ ಮಾಡಿದ್ರೆ ಕೆಲಸ ಆಗುತ್ತೆ. ಹಿಟ್ಟಿಗೆ ಫರೀನಾ ದಿ ಚೆಚಿ ಅಂತ ಯಾವ ಸೂಪರ್ ಮಾರ್ಕೆಟ್ಟಲ್ಲೂ ಕಡ್ಲೆಹಿಟ್ಟು ಸಿಗುತ್ತೆ, ಅದಕ್ಕೂ ಇಂಡಿಯನ್ ಸ್ಟೋರ್ ಬೇಡ.

ಆ ಹಿಟ್ಟಿಂದಾನೇ ರೈತರ ಸೂರಿನ ಒಬ್ಬ ಅಜ್ಜಿ ಪರಿಚಯ ಆಗಿದ್ದು. ಜೂನ್ ಜುಲೈ ಹೊತ್ತಿಗೆ ಅವ್ರು ಕುಂಬಳ ಜಾತಿ ಹೂವು ತರ್ತಾರೆ, ಹಳದಿದು, ತೊಟ್ಟು ಸಮೇತ ಸಾಲಾಗಿ ಮಲಗಿಸಿ ಮೇಲೆ ಒದ್ದೆ ಬಟ್ಟೆ. ಹೆಂಗ್ ಮಾಡ್ತೀಯ ಅಂತ ಕೇಳಿದ್ರು, ಕಡ್ಲೆಹಿಟ್ಟಲ್ಲಿ ಅದ್ದಿ ಕರೀತೀನಿ, ಒಳಗೆ ಏನೂ ತುಂಬಲ್ಲ ಅಂದೆ. ಕಡ್ಲೆಹಿಟ್ಟಾ ಅಂತ ಮುಖ ಸಿಂಡರಿಸಿ, ಒಳಗೆ ಮೊತ್ಸರೆಲ್ಲಾ ಚೀಸು ಒಂದು ತುಂಡು, ಅಚ್ಚೂಗಾ ಒಂದು ಇಟ್ಟು ಗೋಧಿಹಿಟ್ಟಲ್ಲಿ ಅದ್ದಬೇಕು ಅಂತ ಕೈಯಲ್ಲೇ ತೋರಿಸಿದ್ರು. ಬಾಯಿಪಾಠ ಒಪ್ಪಿಸ್ದೆ, ಸೆನ್ಸಾ ಅಚ್ಚೂಗೆ. ಮುಂದಿನ ಶನಿವಾರ ನಾಕು ಬಜ್ಜಿ ಡಬ್ಬೀಲಿ ಹಾಕ್ಕೊಂಡು ಹೋದೆ, ಆರಿ ಮೆತ್ತಗಾಗಿತ್ತು, ಆದ್ರೂ ಎರಡು ತಿಂದು ಪಕ್ಕದ ಮೊಟ್ಟೆ ಅಂಗಡಿಯವರಿಗೆ ಒಂದು ಕೊಟ್ರು, ಏನೂ ಹೇಳ್ಲಿಲ್ಲ. ಈಗ ನಾನು ಹೋದ್ರೆ ಹತ್ತು ಹೂವಿಗೆ ಹದಿಮೂರು ಹಾಕಿ, ಚೀಲ ಕೊಡುವಾಗ ತಾವೇ "ಸೆನ್ಸಾ ಅಚ್ಚೂಗೆ" ಅಂತ ಹೇಳಿ ನಗ್ತಾರೆ.